ಗಂಧದೆಣ್ಣೆ ಗುಳಿಗೆಯಿಂದ 96 ಗುಳಿಗೆ

ಮೈಸೂರು ಗಂಧದೆಣ್ಣೆ ಎಂದರೆ ನಮಗೆ ಸೋಪು, ಅತ್ತರು ನೆನಪಾಗುತ್ತವೆ. ನೂರು ವರ್ಷದ ಹಿಂದೆ ಯುರೋಪಿನ ಔಷಧಿ ಅಂಗಡಿಯವರಿಗೆ ನೆನಪಾಗುತ್ತಿದ್ದುದು ಗೊನೋರಿಯಾ. ಹೊರಗೆ ಹೇಳಿಕೊಳ್ಳಲಾಗದ ಆ ಕಾಯಿಲೆಗೆ ಗಂಧದೆಣ್ಣೆ ತುಂಬಿದ ಗುಳಿಗೆ ನುಂಗಿಸುತ್ತಿದ್ದರು. ನಮ್ಮ ಮರ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮೊದಲ ಮಹಾಯುದ್ಧ ಆ ದಾರಿ ಮುಚ್ಚಿದ ಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಎಣ್ಣೆ ಇಳಿಸುವ ಪ್ರಯೋಗ ನಡೆಯಿತು. 1916ರಲ್ಲಿ ಸಂಸ್ಥಾನವೇ ಈ ಉದ್ಯಮಕ್ಕೆ ಕೈಹಾಕಿತು. ಆ ಗುಳಿಗೆ ಎಷ್ಟು ಜನರನ್ನು ಗುಣಪಡಿಸಿತೋ, ನನಗಂತೂ ಅನುಮಾನ. ಸಲ್ಫಾ ಔಷಧಿಗಳು, ಅವುಗಳ ಬೆನ್ನಿಗೇ ಪೆನಿಸಿಲಿನ್ ಬಂದವು. ಗುಳಿಗೆ ಮೂಲೆ ಸೇರಿತು.

ಟೀ ಟ್ರೀ ಎಣ್ಣೆಗೂ ಅದೇ ಗತಿ. ಹೆಸರಲ್ಲಿ ಟೀ ಇದ್ದರೂ ನಮ್ಮ ಚಹಾ ಗಿಡಕ್ಕೂ ಇದಕ್ಕೂ ನಂಟಿಲ್ಲ. ಆಸ್ಟ್ರೇಲಿಯಾದ ಬಂಡ್ಜಲಂಗ್ ಮೂಲನಿವಾಸಿಗಳು ಗಾಯಕ್ಕೆ ಕಟ್ಟುತ್ತಿದ್ದ ಎಲೆ ಇದು. ಕ್ರಿಮಿ ಕೊಲ್ಲುವುದರಲ್ಲಿ ಇದರ ಎಣ್ಣೆ ಕಾರ್ಬಾಲಿಕ್ ಆಮ್ಲಕ್ಕಿಂತ 11 ಪಟ್ಟು ಚುರುಕು ಎಂದು ಸಿಡ್ನಿಯ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡ್ 1920ರ ದಶಕದಲ್ಲೇ ಲೆಕ್ಕ ಕೊಟ್ಟಿದ್ದರು. ಆ್ಯಂಟಿಬಯೋಟಿಕ್ ಯುಗದಲ್ಲಿ ಆ ಮಾತು ಕೇಳುವವರಿರಲಿಲ್ಲ.

ಮತ್ತೆ ಕೇಳುವಂತೆ ಮಾಡಿದ್ದು ಬ್ಯಾಕ್ಟೀರಿಯಾಗಳೇ. ಮೆಥಿಸಿಲಿನ್ ಎಂಬ ಆ್ಯಂಟಿಬಯೋಟಿಕ್ ಬಳಕೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ, ಅದಕ್ಕೂ ಬಗ್ಗದ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಬಗ್ಗೆ 1961ರಲ್ಲಿ ಇಂಗ್ಲೆಂಡಿನಿಂದ ವರದಿ ಬಂತು. ಇದೇ ಇಂದಿನ ಎಂಆರ್‌ಎಸ್‌ಎ. 1990ರ ದಶಕದಲ್ಲಿ ಪರ್ತ್ ನಗರದ ಕ್ರಿಸ್ಟೀನ್ ಕಾರ್ಸನ್, ಥಾಮಸ್ ರೈಲಿ ಮತ್ತು ಸಂಗಡಿಗರು ಟೀ ಟ್ರೀ ಎಣ್ಣೆಯನ್ನು ಇದರ ಮೇಲೆ ಹಾಕಿ ನೋಡಿದರು. ಪ್ರಯೋಗಾಲಯದಲ್ಲಿ ಎಣ್ಣೆ ಗೆದ್ದಿತು. ಆದರೆ ಅಷ್ಟು ಗಾಢವಾದ ಎಣ್ಣೆಯನ್ನು ಮನುಷ್ಯನ ರಕ್ತಕ್ಕೆ ಹೊಗಿಸುವಂತಿಲ್ಲ. ಹಾಗಾದರೆ ಸ್ವಲ್ಪವೇ ಎಣ್ಣೆ, ಜೊತೆಗೆ ಹಳೆಯ ಆ್ಯಂಟಿಬಯೋಟಿಕ್?

ಇದನ್ನು ಪರೀಕ್ಷಿಸುವ ತಟ್ಟೆ ನೋಡಿದರೆ ಅಳಿಗುಳಿಮಣೆ ನೆನಪಾಗುತ್ತದೆ. ಅಂಗೈಯಗಲದ ಪ್ಲಾಸ್ಟಿಕ್, ಅದರಲ್ಲಿ 8 ಸಾಲು, ಸಾಲಿಗೆ 12ರಂತೆ 96 ಗುಳಿ. ಅಡ್ಡಸಾಲಿನಲ್ಲಿ ಆ್ಯಂಟಿಬಯೋಟಿಕ್ ಗುಳಿಯಿಂದ ಗುಳಿಗೆ ಅರ್ಧರ್ಧವಾಗುತ್ತ ಹೋಗುತ್ತದೆ, ಉದ್ದಸಾಲಿನಲ್ಲಿ ಎಣ್ಣೆ. ಎಲ್ಲದಕ್ಕೂ ಅಷ್ಟಷ್ಟು ಬ್ಯಾಕ್ಟೀರಿಯಾ ಬಿಟ್ಟು ರಾತ್ರಿಯಿಡೀ ಮೈಬಿಸಿಯಷ್ಟು ಶಾಖದಲ್ಲಿಡುತ್ತಾರೆ. ಬೆಳಿಗ್ಗೆ ರೆಸಾಜುರಿನ್ ಎಂಬ ನೀಲಿ ಬಣ್ಣ ಬೆರೆಸಿದರೆ, ಬ್ಯಾಕ್ಟೀರಿಯಾ ಬದುಕಿರುವ ಗುಳಿ ಗುಲಾಬಿಯಾಗುತ್ತದೆ, ಉಳಿದವು ನೀಲಿಯಾಗೇ ಇರುತ್ತವೆ. ಕೇಳಲು ಸುಲಭ. ಆದರೆ ಎಣ್ಣೆ ನೀರಿಗೆ ಬೆರೆಯದು, ಬೆರೆಸಲು ಇನ್ನೊಂದು ರಾಸಾಯನಿಕ ಬೇಕು. ಬೆರೆತ ಮೇಲೂ ಆವಿಯಾಗಿ ಪಕ್ಕದ ಗುಳಿಗೆ ಹಾರುತ್ತದೆ.

ಲೆಕ್ಕ ಹೀಗೆ: ಒಂಟಿಯಾಗಿ ಬೇಕಿದ್ದುದರ ಕಾಲು ಭಾಗ ಔಷಧಿ, ಕಾಲು ಭಾಗ ಎಣ್ಣೆ ಸೇರಿ ಕೆಲಸ ಮುಗಿಸಿದರೆ ಮೊತ್ತ 0.5. ಅದು ಅಥವಾ ಅದಕ್ಕಿಂತ ಕಡಿಮೆ ಬಂದರೆ ಜೋಡಿ ಕೂಡಿತು ಎಂದರ್ಥ. 4 ದಾಟಿದರೆ ಒಂದು ಇನ್ನೊಂದರ ಕಾಲೆಳೆಯುತ್ತಿದೆ. ಈ ಬಗೆಯ ಲೆಕ್ಕವನ್ನು 1954ರಲ್ಲಿ ಮುಂದಿಟ್ಟವರಲ್ಲಿ ಗರ್ಟ್ರೂಡ್ ಎಲಿಯನ್ ಒಬ್ಬರು. 1988ರ ನೊಬೆಲ್ ಪಡೆದ ವಿಜ್ಞಾನಿ.

ಎಣ್ಣೆ ಮಾಡುವುದೇನು? ಇ. ಕೋಲೈಯಂಥ ಬ್ಯಾಕ್ಟೀರಿಯಾಗಳಿಗೆ ಎರಡು ಪೊರೆ. ಹೊರಪೊರೆ ಅನೇಕ ಔಷಧಿಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಓಂಕಾಳಿಗೆ ಆ ಘಾಟು ಕೊಡುವ ಥೈಮಾಲ್, ಅದರ ಸೋದರ ಕಾರ್ವಕ್ರಾಲ್ ಈ ಹೊರಪೊರೆಯನ್ನು ಸಡಿಲಿಸುತ್ತವೆ ಎಂದು 1998ರಲ್ಲಿ ಫಿನ್ಲೆಂಡಿನ ಸಂಶೋಧಕರು ತೋರಿಸಿದರು. ಪೊರೆ ಸಡಿಲಾದರೆ ಔಷಧಿಗೆ ದಾರಿ. ಒಳಹೊಕ್ಕ ಔಷಧಿಯನ್ನು ಪಂಪು ಹೊಡೆದು ಆಚೆ ಹಾಕುವ ಬ್ಯಾಕ್ಟೀರಿಯಾಗಳೂ ಇವೆ. ಆ ಪಂಪಿಗೆ ನಮ್ಮ ಕಾಳುಮೆಣಸಿನ ಪೈಪರಿನ್ ಅಡ್ಡಗಾಲು ಹಾಕುವುದನ್ನು 2006ರಲ್ಲಿ ಜಮ್ಮುವಿನ ವಿಜ್ಞಾನಿಗಳು ವರದಿ ಮಾಡಿದರು. ಪೈಪರಿನ್ ಸುಗಂಧ ತೈಲವಲ್ಲ, ಆದರೂ ಉಪಾಯ ಒಂದೇ.

ತಟ್ಟೆಯಲ್ಲಿ ಗೆದ್ದದ್ದು ವಾರ್ಡಿನಲ್ಲೂ ಗೆಲ್ಲಬೇಕೆಂದಿಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಎಂಆರ್‌ಎಸ್‌ಎ ಹೊತ್ತಿದ್ದ 224 ಮಂದಿಯನ್ನು ಪರೀಕ್ಷಿಸಿದಾಗ, ಮೂಗಿನೊಳಗಿನ ಬ್ಯಾಕ್ಟೀರಿಯಾ ಮ್ಯುಪಿರೋಸಿನ್ ಮುಲಾಮಿಗೆ ಶೇ 78ರಷ್ಟು ಜನರಲ್ಲಿ ಹೋಯಿತು, ಟೀ ಟ್ರೀ ಕ್ರೀಮಿಗೆ ಶೇ 47ರಷ್ಟು ಜನರಲ್ಲಿ ಮಾತ್ರ. ಚರ್ಮದ ಮೇಲೆ ಮಾತ್ರ, ಅಲ್ಲಿ ಬಳಸಿದ ಬೇರೆ ಮದ್ದುಗಳಿಗಿಂತ ಟೀ ಟ್ರೀಯದೇ ಮೇಲುಗೈ.

ಎಣ್ಣೆ, ಆ್ಯಂಟಿಬಯೋಟಿಕ್ ಸೇರಿದ ಜೋಡಿಮದ್ದಂತೂ ಇನ್ನೂ ತಟ್ಟೆ ಬಿಟ್ಟು ಡಾಕ್ಟರ ಚೀಟಿಗೆ ಬಂದಿಲ್ಲ. ಹಾಗಾಗಿ ಆ್ಯಂಟಿಬಯೋಟಿಕ್ ಮಾತ್ರೆಯ ಜೊತೆ ನೀವೇ ನಾಲ್ಕು ಹನಿ ಲವಂಗದೆಣ್ಣೆ ಕುಡಿಯಲು ಹೋಗಬೇಡಿ. ಟೀ ಟ್ರೀ ಎಣ್ಣೆಯನ್ನಂತೂ ಬಾಯಿಗೆ ಹಾಕಲೇಬಾರದು, ಹೊಟ್ಟೆಗೆ ಹೋದರೆ ಅದು ವಿಷ.