ಸಿಡಿದು ಬಿದ್ದ ಹಿತ್ತಾಳೆಗೆ ಎರಡನೇ ಸುತ್ತು

ಬ್ರಿಟಿಷರ ಕಾಲದಲ್ಲಿ ಭಾರತದ ಮಳೆಗಾಲ ಬಂತೆಂದರೆ ಸೈನ್ಯದ ಓಡಾಟ ಕಡಿಮೆಯಾಗುತ್ತಿತ್ತು. ತೋಟಾಗಳನ್ನು ಕುದುರೆ ಲಾಯಗಳಲ್ಲಿ ಪೇರಿಸಿಡುತ್ತಿದ್ದರು. ಮಳೆ ಕಳೆದು ತೆಗೆದು ನೋಡಿದರೆ, ಒಮ್ಮೆಯೂ ಹಾರಿಸದ ಹೊಸ ತೋಟಾಗಳ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಅದೂ ಗುಂಡನ್ನು ಬಿಗಿಯಾಗಿ ಕಚ್ಚಿ ಹಿಡಿದಿರುವ ಬಾಯಿಯ ಹತ್ತಿರ. ಕಾರಣ ಗೊತ್ತಾಗಲು ಬಹಳ ವರ್ಷ ಹಿಡಿಯಿತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮಾಲಿನ್ಸನ್ ಎಂಬ ಮೂವರು ಲೋಹತಜ್ಞರು ಉತ್ತರ ಕೊಟ್ಟರು. ಹಿತ್ತಾಳೆಯನ್ನು ತಣ್ಣಗಿರುವಾಗಲೇ ಎಳೆದು, ಅದುಮಿ ರೂಪ ಕೊಟ್ಟಾಗ ಅದರೊಳಗೆ ಬಿಗುವು ಉಳಿದುಬಿಡುತ್ತದೆ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ ಮಳೆಗಾಲದ ತೇವದ ಜೊತೆ ಸೇರಿ ಆ ಬಿಗುವಿರುವ ಜಾಗಕ್ಕೇ ಬಾಯಿ ಹಾಕುತ್ತದೆ. ಎರಡೂ ಒಟ್ಟಿಗೆ ಕೂಡಿದರೆ ಲೋಹ ಸೀಳುತ್ತದೆ. ರೂಪ ಕೊಟ್ಟ ಮೇಲೆ ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಒಳಗಿನ ಬಿಗುವನ್ನು ಇಳಿಸುವುದೇ ಇದಕ್ಕೆ ಪರಿಹಾರವಾಯಿತು.

ನಮ್ಮ ನೆಲದ ಲಾಯಗಳಲ್ಲಿ ಸಿಕ್ಕ ಈ ಪಾಠ ಇಂದು ಅಮೆರಿಕದ ಮನೆಗಳ ಗ್ಯಾರೇಜುಗಳಲ್ಲಿ ನಿಯಮವಾಗಿ ಉಳಿದಿದೆ. ಹಾರಿಸಿದ ತೋಟಾಗಳ ಖಾಲಿ ಹಿತ್ತಾಳೆ ಕೇಸುಗಳಿಗೆ ಅಮೋನಿಯಾ ಇರುವ ಪಾಲಿಶ್ ಹಚ್ಚಬಾರದು ಎಂಬ ಮಾತನ್ನು ಅಲ್ಲಿ ತೋಟಾ ಮರುಭರ್ತಿ ಮಾಡುವವರೆಲ್ಲ ಮೊದಲ ದಿನವೇ ಕೇಳಿರುತ್ತಾರೆ.

ಮರುಭರ್ತಿ ಅಲ್ಲಿ ದೊಡ್ಡ ಹವ್ಯಾಸ. ಪಿಸ್ತೂಲ್ ಸ್ಪರ್ಧೆಗೆ ತಯಾರಾಗುವವರು ವಾರಕ್ಕೆ ನೂರಾರು ಗುಂಡು ಹಾರಿಸುತ್ತಾರೆ. ಪ್ರತಿಯೊಂದನ್ನೂ ಅಂಗಡಿಯಿಂದ ತಂದರೆ ಕೈ ಸುಡುತ್ತದೆ. ತೋಟಾದಲ್ಲಿರುವುದು ನಾಲ್ಕೇ ಭಾಗ: ಹಿತ್ತಾಳೆಯ ಕೇಸು, ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗಿನ ಮದ್ದು, ಬಾಯಲ್ಲಿ ಕೂತ ಗುಂಡು. ಪಿಸ್ತೂಲಿನ ಕುದುರೆ ಎಳೆದ ಮೇಲೆ ಮೂರು ಮುಗಿದುಹೋಗುತ್ತವೆ, ಕೇಸು ಮಾತ್ರ ಚಿಮ್ಮಿ ಪಕ್ಕಕ್ಕೆ ಬೀಳುತ್ತದೆ. ಅದನ್ನು ಹೆಕ್ಕಿ, ಹಳೆಯ ಪ್ರೈಮರ್ ತೆಗೆದು, ಅಚ್ಚಿನಲ್ಲಿ ಅದುಮಿ ಮತ್ತೆ ಅಳತೆಗೆ ತಂದು, ಉಳಿದ ಮೂರನ್ನು ಹೊಸದಾಗಿ ತುಂಬುವುದೇ ಮರುಭರ್ತಿ. ಈ ಹವ್ಯಾಸದವರು ಯಂತ್ರ, ಮದ್ದು, ಗುಂಡುಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಪ್ರಕಾರ ಈ ಕೆಲಸದ ಅರ್ಧ ಸುರಕ್ಷತೆ ಇರುವುದು ಅದಕ್ಕೂ ಮೊದಲು, ಯಾವ ಕೇಸನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ಆರಿಸುವ ಹೊತ್ತಿನಲ್ಲಿ.

ಹಿತ್ತಾಳೆಯೇ ಯಾಕೆ? ತೋಟಾಕ್ಕೆ ಬಳಸುವ ಹಿತ್ತಾಳೆಯಲ್ಲಿ ಶೇ 70 ತಾಮ್ರ, ಶೇ 30 ಸತು. ತಗಡಿನ ಬಿಲ್ಲೆಯನ್ನು ಬಟ್ಟಲಿನಂತೆ ಬಗ್ಗಿಸಿ, ಹಂತಹಂತವಾಗಿ ಎಳೆದು, ನಡುನಡುವೆ ಕಾಯಿಸಿ ಮೆದುಗೊಳಿಸಿ ಉದ್ದ ಮಾಡುತ್ತಾರೆ. ಬುಡವನ್ನು ದಪ್ಪವಾಗಿ, ಗಟ್ಟಿಯಾಗಿ ಉಳಿಸುತ್ತಾರೆ. ಗೋಡೆ ಬಾಯಿಯ ಕಡೆ ತೆಳುವಾಗುತ್ತ ಹೋಗುತ್ತದೆ. ಮದ್ದು ಉರಿದಾಗ 9 ಮಿ.ಮೀ. ಲೂಗರ್ ತೋಟಾದೊಳಗಿನ ಒತ್ತಡ ಚದರ ಇಂಚಿಗೆ 35,000 ಪೌಂಡ್‌ವರೆಗೆ ಏರಬಹುದು. ಆ ಕ್ಷಣದಲ್ಲಿ ಕೇಸು ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಳ್ಳುತ್ತದೆ, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಕೊಂಚ ಕುಗ್ಗಿ ಸಡಿಲಾಗಿ ಹೊರಬರುತ್ತದೆ. ಹಿಗ್ಗಿ ಕುಗ್ಗುವ ಈ ಗುಣ ಉಕ್ಕಿಗೆ ಅಷ್ಟಾಗಿ ಇಲ್ಲ. ಎರಡನೇ ಮಹಾಯುದ್ಧದಲ್ಲಿ ತಾಮ್ರದ ಕೊರತೆ ಬಂದಾಗ ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಕ್ರೈಸ್ಲರ್ ಕಂಪನಿ ಉಕ್ಕಿನ ಕೇಸಿನ .45 ಅಳತೆಯ ತೋಟಾಗಳನ್ನು ಭಾರಿ ಪ್ರಮಾಣದಲ್ಲಿ ತಯಾರಿಸಿತು. ಯುದ್ಧಕ್ಕೆ ಅವು ಒದಗಿದವು ನಿಜ, ಆದರೆ ಮರುಭರ್ತಿಗೆ ಉಕ್ಕು ಒಗ್ಗುವ ಲೋಹವಲ್ಲ. ಅಲ್ಯೂಮಿನಿಯಂ ಕೇಸೂ ಅಷ್ಟೇ, ಒಂದು ಸಲಕ್ಕೆ ಮಾತ್ರ.

ಶೂಟಿಂಗ್ ರೇಂಜಿನಲ್ಲಿ ಗುಡಿಸಿ ತಂದ ಒಂದು ಬಕೆಟ್ ಖಾಲಿ ಕೇಸುಗಳನ್ನು ಮೇಜಿನ ಮೇಲೆ ಸುರಿದರೆ ಆರಿಸುವ ಕಷ್ಟ ಅರ್ಥವಾಗುತ್ತದೆ. 9 ಮಿ.ಮೀ. ರಾಶಿಯಲ್ಲಿ .380ರ ಗಿಡ್ಡ ಕೇಸುಗಳು ಬೆರೆತಿರುತ್ತವೆ. ಮೊದಲನೆಯದರ ಉದ್ದ 19 ಮಿ.ಮೀ., ಎರಡನೆಯದರದು 17. ಸುಸ್ತಾದ ಕಣ್ಣಿಗೆ ಎರಡೂ ಒಂದೇ. 9 ಮಿ.ಮೀ. ಕೇಸು .40ರ ಹೊಟ್ಟೆಯೊಳಗೆ ಹೊಕ್ಕು ಕೂತಿರುತ್ತದೆ, .40 ಕೇಸು .45ರೊಳಗೆ. ಹೀಗೆ ಒಂದರೊಳಗೊಂದು ಸಿಕ್ಕಿಕೊಂಡದ್ದನ್ನು ನೋಡದೆ ಯಂತ್ರಕ್ಕೆ ಕೊಟ್ಟರೆ ಅಚ್ಚೇ ಕೆಡಬಹುದು. ಬೆರಳಿನಿಂದ ಒಂದೊಂದನ್ನೂ ತಿರುಗಿಸಿ ನೋಡುವುದಕ್ಕೆ ಬದಲಿಲ್ಲ.

ಮೊದಲು ನೋಡಬೇಕಾದದ್ದು ಒಳಗಿನ ತಳ. ಟಾರ್ಚ್ ಹಾಕಿ ಇಣುಕಿದರೆ ನಟ್ಟನಡುವೆ ಒಂದೇ ತೂತು ಕಾಣಬೇಕು. ಅದು ಬಾಕ್ಸರ್ ಪದ್ಧತಿ, ಇಂಗ್ಲೆಂಡಿನ ವುಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥರಾಗಿದ್ದ ಎಡ್ವರ್ಡ್ ಬಾಕ್ಸರ್ ರೂಪಿಸಿದ್ದು. ಪಕ್ಕಪಕ್ಕ ಎರಡು ಸಣ್ಣ ತೂತುಗಳಿದ್ದರೆ ಅದು ಬರ್ಡನ್ ಪದ್ಧತಿ, ಅಮೆರಿಕದ ಹೈರಮ್ ಬರ್ಡನ್ ಅವರದು. ಇಬ್ಬರ ಕೆಲಸವೂ 1860ರ ದಶಕದ್ದೇ. ವಿಚಿತ್ರವೆಂದರೆ ಇಂಗ್ಲೆಂಡಿನವರ ಪದ್ಧತಿ ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವರದು ಯುರೋಪಿನ ಸೈನ್ಯಗಳಲ್ಲಿ. ಬಾಕ್ಸರ್ ಕೇಸಿನ ನಡುವಿನ ತೂತಿನಿಂದ ಸೂಜಿಯಂಥ ಸಲಾಕೆ ಇಳಿಸಿ ಹಳೆಯ ಪ್ರೈಮರನ್ನು ಹೊರಕ್ಕೆ ತಳ್ಳಬಹುದು. ಬರ್ಡನ್‌ನಲ್ಲಿ ಅದು ಸಾಧ್ಯವಿಲ್ಲ, ಸಲಾಕೆ ಮುರಿಯುತ್ತದೆ. ಅಮೆರಿಕದಲ್ಲಿ ಮರುಭರ್ತಿ ಮನೆಮನೆಯ ಹವ್ಯಾಸವಾಗಿ ಬೆಳೆದದ್ದರಲ್ಲಿ ಈ ಒಂದು ತೂತಿನ ಪಾಲು ದೊಡ್ಡದು. ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲ್ ಸ್ಪರ್ಧೆಗಳಲ್ಲಿ ಬಳಸುವ .22 ತೋಟಾಕ್ಕೆ ಈ ಭಾಗ್ಯವೂ ಇಲ್ಲ; ಅದರ ಸಿಡಿಮದ್ದು ಅಂಚಿನ ಮಡಿಕೆಯಲ್ಲೇ ಇರುವುದರಿಂದ ಹಾರಿಸಿದ ಮೇಲೆ ಎಸೆಯುವುದೇ ಸರಿ.

ಆಮೇಲೆ ಬುಡದ ಮೇಲಿನ ಅಚ್ಚು. ತಯಾರಕರ ಹೆಸರು, ಅಳತೆ, ಸೈನ್ಯದ್ದಾದರೆ ವರ್ಷ ಅಲ್ಲಿರುತ್ತದೆ. ವೃತ್ತದೊಳಗೆ ಕೂಡಿಸುವ ಚಿಹ್ನೆ ಇದ್ದರೆ ಅದು ನ್ಯಾಟೋ ಮಾದರಿಯದು. ಪ್ರೈಮರ್ ಕಳಚಿ ಬೀಳದಂತೆ ಸೈನ್ಯದ ತೋಟಾಗಳಲ್ಲಿ ಅದರ ಸುತ್ತ ಹಿತ್ತಾಳೆಯನ್ನು ಒತ್ತಿ ಬಿಗಿದಿರುತ್ತಾರೆ. ಆ ಒತ್ತನ್ನು ತೆಗೆಯದೆ ಹೊಸ ಪ್ರೈಮರನ್ನು ಬಲವಂತವಾಗಿ ಕೂರಿಸಹೋದರೆ ಅದು ಜಜ್ಜಿಹೋಗುತ್ತದೆ, ಕೆಲವೊಮ್ಮೆ ಕೈಯಲ್ಲೇ ಸಿಡಿಯುತ್ತದೆ. .45ರಲ್ಲಿ ಇನ್ನೊಂದು ಗೊಂದಲ. ಬಹುಕಾಲದಿಂದ ಅದಕ್ಕೆ ದೊಡ್ಡ ಪ್ರೈಮರ್ ಇತ್ತು. ಈಚಿನ ದಶಕಗಳಲ್ಲಿ ಕೆಲವರು ಚಿಕ್ಕದನ್ನು ಇಟ್ಟು ಮಾಡುತ್ತಿದ್ದಾರೆ. ವ್ಯತ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ಆರಿಸುವವರು ಎರಡನ್ನೂ ಬೇರೆ ಬೇರೆ ಡಬ್ಬಿಗೆ ಹಾಕಲೇಬೇಕು.

ನಿಜವಾದ ಅಪಾಯ ಇರುವುದು ಹೊರಗಿನಿಂದ ಕಾಣದ ಕಡೆ. ಕೆಲವು ತಯಾರಕರ 9 ಮಿ.ಮೀ. ಕೇಸುಗಳ ಒಳಗೋಡೆಯಲ್ಲಿ ಅರ್ಧ ಆಳಕ್ಕೆ ಒಂದು ಮೆಟ್ಟಿಲು ಇರುತ್ತದೆ. ಅದರ ಕೆಳಗೆ ಗೋಡೆ ದಪ್ಪ, ಮೇಲೆ ತೆಳು. ಒಳಗಿನ ಜಾಗ ಕಡಿಮೆಯಾದ್ದರಿಂದ ಅಷ್ಟೇ ಮದ್ದಿಗೆ ಒತ್ತಡ ಹೆಚ್ಚಾಗುತ್ತದೆ. ಮೆಟ್ಟಿಲಿನ ಅಂಚಿನಲ್ಲೇ ಕೇಸು ಎರಡು ತುಂಡಾಗುವುದೂ ಉಂಟು. ಆಗ ಬುಡ ಹೊರಗೆ ಬಂದು, ಮೇಲಿನ ಉಂಗುರ ನಳಿಗೆಯಲ್ಲೇ ಉಳಿದು, ಮುಂದಿನ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ಬುಡದ ಹತ್ತಿರ ಉಬ್ಬಿರುವ ಕೇಸೂ ಇಂಥದ್ದೇ ಎಚ್ಚರಿಕೆ. ಕೆಲವು ಪಿಸ್ತೂಲುಗಳಲ್ಲಿ ನಳಿಗೆಯ ಹಿಂಬದಿ ಕೇಸಿನ ಬುಡವನ್ನು ಪೂರ್ತಿ ಆವರಿಸುವುದಿಲ್ಲ. ಬಿಟ್ಟ ಜಾಗದಲ್ಲಿ ಹಿತ್ತಾಳೆ ಉಬ್ಬುತ್ತದೆ. ಅದುಮಿ ನೇರ ಮಾಡಿದರೆ ಚೆಂದ ಕಾಣುತ್ತದೆ, ಕಳೆದುಹೋದ ಬಲ ಮಾತ್ರ ವಾಪಸ್ ಬರುವುದಿಲ್ಲ.

ಸೀಳಿದ ಬಾಯಿಯನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ಮಡಕೆ ಕೊಳ್ಳುವಾಗ ತಟ್ಟಿ ನೋಡುವಂತೆ, ನಾಲ್ಕಾರು ಕೇಸುಗಳನ್ನು ಅಂಗೈಯಲ್ಲಿ ಕುಲುಕಿದರೆ ಒಳ್ಳೆಯವು ಗಂಟೆಯಂತೆ ಕೇಳಿಸುತ್ತವೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಒಡೆದಂತೆ ಬರುತ್ತದೆ. ನಿಕಲ್ ಲೇಪನದ ಬಿಳಿ ಕೇಸುಗಳಲ್ಲಿ ಈ ಸೀಳು ಬೇಗ ಕಾಣಿಸಿಕೊಳ್ಳುತ್ತದೆ. ಚರ್ಮದ ಬೆಲ್ಟಿನಲ್ಲಿ ಬಹುಕಾಲ ಇದ್ದರೂ ಹಸಿರು ಕಿಲುಬು ಹಿಡಿಯುವುದಿಲ್ಲ ಎಂಬುದು ಅವುಗಳ ಗುಣ, ಪದೇ ಪದೇ ತುಂಬಿದರೆ ತಾಳುವುದಿಲ್ಲ ಎಂಬುದು ದೋಷ.

ತೊಳೆಯುವ ವಿಷಯಕ್ಕೆ ಬಂದರೆ ಕನ್ನಡದ ಅಡುಗೆಮನೆಗೆ ಇದು ಹೊಸದಲ್ಲ. ಹಿತ್ತಾಳೆ ಚೆಂಬನ್ನು ಹುಣಸೆಹಣ್ಣು ಹಾಕಿ ಬೆಳಗುವುದರ ಹಿಂದಿರುವುದೂ ಹುಳಿಯೇ; ಅಮೆರಿಕದ ಮರುಭರ್ತಿಯವರು ಕೇಸು ತೊಳೆಯುವ ನೀರಿಗೆ ಚಿಟಿಕೆ ನಿಂಬೆಹುಳಿ ಪುಡಿ ಸೇರಿಸುತ್ತಾರೆ. ಹುಳಿ ಅತಿಯಾದರೆ ಮೇಲ್ಮೈಯ ಸತು ಕರಗಿ ಹಿತ್ತಾಳೆ ಗುಲಾಬಿಗೆ ತಿರುಗುತ್ತದೆ. ಆದರೆ ಹೊಳಪಿಗಿಂತ ದೊಡ್ಡ ಪ್ರಶ್ನೆ ಸೀಸದ್ದು. ಹೆಚ್ಚಿನ ಪ್ರೈಮರುಗಳಲ್ಲಿ ಸೀಸದ ಸಂಯುಕ್ತವಿದೆ, ಸಿಡಿದ ಮೇಲೆ ಅದರ ಮಸಿ ಕೇಸಿನೊಳಗೆ ಉಳಿಯುತ್ತದೆ. ಹೊಳಪಿಗೆಂದು ಕೇಸುಗಳನ್ನು ಒಣ ಮೆಕ್ಕೆಜೋಳದ ದಿಂಡಿನ ಪುಡಿಯಲ್ಲಿ ಹಾಕಿ ಕುಲುಕಿದರೆ ಆ ಮಸಿ ದೂಳಾಗಿ ಮನೆಯ ಗಾಳಿಗೆ ಸೇರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀರಿನಲ್ಲೇ ತೊಳೆಯಬೇಕು, ಕೈಗವಸು ಹಾಕಬೇಕು, ಅಡುಗೆಮನೆಯ ಹತ್ತಿರವೂ ಸುಳಿಯಬಾರದು.

ಹಾಗಾದರೆ ಯಾವುದನ್ನು ಆರಿಸಬೇಕು? ಅಮೆರಿಕದಲ್ಲಿದ್ದು ಕಾನೂನಿನ ಪ್ರಕಾರ ಈ ಹವ್ಯಾಸಕ್ಕೆ ಇಳಿಯುವವರಿಗೆ ನನ್ನ ಉತ್ತರ ಸ್ಪಷ್ಟ. ತಾವೇ ಹೊಸದಾಗಿ ಕೊಂಡು, ತಾವೇ ಒಮ್ಮೆ ಹಾರಿಸಿದ ಒಂದೇ ತಯಾರಕರ ಕೇಸು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಅದರ ಚರಿತ್ರೆ ಗೊತ್ತಿರುತ್ತದೆ. ಇಲ್ಲದಿದ್ದರೆ ಮಿಸೌರಿಯ ಸೆಡೇಲಿಯಾದ ಸ್ಟಾರ್‌ಲೈನ್‌ನಂಥ, ಕೇಸು ತಯಾರಿಕೆಯನ್ನೇ ಕಸುಬಾಗಿಸಿಕೊಂಡವರ ಹೊಸ ಕೇಸು. ರೇಂಜಿನ ರಾಶಿ ಅಗ್ಗ, ಆದರೆ ಎಷ್ಟು ಸಲ ಹಾರಿದೆ, ಯಾರ ಪಿಸ್ತೂಲಿನಲ್ಲಿ ಹಾರಿದೆ ಎಂದು ಹೇಳುವವರಿಲ್ಲ. ಕಲಿಯುವವರು .38 ಸ್ಪೆಷಲ್ ಅಥವಾ .45ರಿಂದ ತೊಡಗುವುದು ಒಳ್ಳೆಯದು. ಅವುಗಳ ಒತ್ತಡ ಕಡಿಮೆ, ಒಂದೇ ಕೇಸು ಹಲವಾರು ಸಲ ಬಾಳುತ್ತದೆ. ಅನುಮಾನ ಬಂದ ಕೇಸನ್ನು ಇಕ್ಕಳದಿಂದ ಜಜ್ಜಿ ಗುಜರಿಗೆ ಹಾಕಿ, ಮತ್ತೆ ರಾಶಿಗೆ ಸೇರದ ಹಾಗೆ.

ಭಾರತದಲ್ಲಿ ಮಾತ್ರ ಇದನ್ನು ಹವ್ಯಾಸವೆಂದು ಕೈಗೆತ್ತಿಕೊಳ್ಳುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು. 2019ರ ತಿದ್ದುಪಡಿಯ ನಂತರ ಉಲ್ಲಂಘನೆಗೆ ಕನಿಷ್ಠ ಏಳು ವರ್ಷ ಸೆರೆ, ಗರಿಷ್ಠ ಜೀವಾವಧಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟಾ ತಯಾರಿಸುವುದಕ್ಕಲ್ಲ. ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ: ಆ ಕಾಯ್ದೆ ಮದ್ದುಗುಂಡಿನ ವ್ಯಾಖ್ಯೆಯಲ್ಲಿ ಅದರ ಬಿಡಿಭಾಗಗಳನ್ನೂ ಸೇರಿಸಿದೆ. ಹಾಗಾಗಿ ಅಮೆರಿಕದಿಂದ ಊರಿಗೆ ಬರುವ ಅಣ್ಣ, ತಮ್ಮ, ಮಕ್ಕಳಿಗೆ ಮೊದಲೇ ಹೇಳಿಬಿಡಿ. ರೇಂಜಿಗೆ ಹೋದ ನೆನಪಿಗೆಂದು ಒಂದೇ ಒಂದು ಖಾಲಿ ಕೇಸನ್ನೂ ಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತುವುದು ಬೇಡ.