ಹಿಂದಿನ ಸೀಟಿನ ಥ್ರಿಲ್ಲರ್

ಹಬ್ಬದ ಮುಂದೆ ಪುಣೆಯಿಂದ ಧಾರವಾಡಕ್ಕೆ ಟಿಕೆಟ್ ಹುಡುಕಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ರೈಲಿನ ವೇಟಿಂಗ್ ಲಿಸ್ಟ್ ಮೂರಂಕಿ ದಾಟಿರುತ್ತದೆ. ಸಾರಿಗೆ ಸಂಸ್ಥೆಯ ಬಸ್ಸುಗಳು ಎಂದೋ ಭರ್ತಿಯಾಗಿರುತ್ತವೆ. ಉಳಿದ ದಿನ 900 ರೂಪಾಯಿಗೆ ಸಿಗುವ ಖಾಸಗಿ ಸ್ಲೀಪರ್ ಬಸ್ಸಿನ ಸೀಟು ಕಳೆದ ದೀಪಾವಳಿಯ ಮುನ್ನಾದಿನಗಳಲ್ಲಿ ನನ್ನ ಮೊಬೈಲಿನಲ್ಲಿ 2,800 ತೋರಿಸುತ್ತಿತ್ತು. ಅದೂ ಎರಡು ಸೀಟು ಬೇಕಿತ್ತು. ಆ ವರ್ಷ ನನ್ನ ಅಕ್ಕನ ಮಗಳು ಪುಣೆಯಲ್ಲಿ ಎಂಜಿನಿಯರಿಂಗ್ ಸೇರಿದ್ದಳು. ಹದಿನೇಳು ತುಂಬಿದ ಹುಡುಗಿ, ಮೊದಲ ಬಾರಿ ಮನೆ ಬಿಟ್ಟು ಹಾಸ್ಟೆಲಿನಲ್ಲಿದ್ದಳು. ‘ನೀ ಬರೂವಾಗ ಆಕೀನೂ ಕರಕೊಂಡು ಬಾರೋ ತಮ್ಮಾ, ಒಬ್ಬಾಕಿನ್ನ ಕಳಸಬ್ಯಾಡ’ ಎಂದು ಅಕ್ಕ ಹತ್ತು ಸಲ ಹೇಳಿದ್ದಳು.

ಕೊನೆಗೆ ಕಾರ್‌ಪೂಲ್ ಆ್ಯಪ್ ಒಂದರಲ್ಲಿ ತಲಾ 750 ರೂಪಾಯಿಗೆ ಎರಡು ಸೀಟು ಸಿಕ್ಕವು. ರಾತ್ರಿ ಹನ್ನೊಂದೂವರೆಗೆ ವಾಕಡ್ ಸೇತುವೆಯ ಕೆಳಗೆ ನಿಲ್ಲಬೇಕು, ಬೆಳಿಗ್ಗೆ ಏಳಕ್ಕೆ ಧಾರವಾಡ. ಚಾಲಕನ ರೇಟಿಂಗ್ ಚೆನ್ನಾಗಿತ್ತು. ಆ್ಯಪ್ ತೋರಿಸಿದ್ದು ಬಿಳಿಯ ಸಣ್ಣ ಕಾರು. ಬಂದದ್ದು ಬೂದು ಬಣ್ಣದ ಸೆಡಾನ್.

‘ಮಾಮಾ, ನಂಬರ್ ಬ್ಯಾರೆ ಐತಿ’ ಎಂದಳು ಹುಡುಗಿ, ಬ್ಯಾಗು ಇನ್ನೂ ಹೆಗಲ ಮೇಲಿರುವಾಗಲೇ.

ನಾನು ಚಾಲಕನನ್ನು ಕೇಳಿದೆ. ಇಪ್ಪತ್ತೈದು ದಾಟಿರದ ಹುಡುಗ. ಆ ಗಾಡಿ ಗ್ಯಾರೇಜಿನಲ್ಲಿದೆ, ಇದು ಅಣ್ಣನದು, ಆ್ಯಪ್‌ನಲ್ಲಿ ಬುಕಿಂಗ್ ರದ್ದು ಮಾಡಿ ದುಡ್ಡು ಕೈಗೇ ಕೊಟ್ಟುಬಿಡಿ ಎಂದ. ಎಂ.ಟೆಕ್ ಓದಿದ, ಬ್ಯಾಂಕುಗಳಿಗೆ ವಂಚನೆ ಪತ್ತೆ ಮಾಡುವ ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿರಲಿಲ್ಲ. ಗಾಡಿ ಬೇರೆ, ನಂಬರ್ ಬೇರೆ, ದಾಖಲೆ ಅಳಿಸಿಹಾಕು ಎನ್ನುವ ಮಾತು. ಆಫೀಸಿನಲ್ಲಾದರೆ ಆ ವ್ಯವಹಾರವನ್ನು ಅಲ್ಲೇ ತಡೆಯುತ್ತಿದ್ದೆ. ಆದರೆ ಮಧ್ಯರಾತ್ರಿಯಾಗುತ್ತಿತ್ತು, ಬೇರೆ ದಾರಿಯಿರಲಿಲ್ಲ, ಊರಿನಲ್ಲಿ ಅವ್ವ ಎಣ್ಣೆ ಕಾಸಿ ಕಾಯುತ್ತಿದ್ದಳು. ಹತ್ತಿ ಕುಳಿತೆವು.

ಮುಂದಿನ ಸೀಟಿನಲ್ಲಿ ಆಗಲೇ ಒಬ್ಬರಿದ್ದರು. ಐವತ್ತರ ಆಸುಪಾಸು, ಕಟ್ಟುಮಸ್ತಾದ ಆಳು, ತಲೆಗೆ ಬಿಳಿ ಟೋಪಿ. ಕಾಲ ಬಳಿ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯ ವಸ್ತು. ಗಾಡಿ ಕುಲುಕಿದಾಗ ಅದು ಕಬ್ಬಿಣದ ಸದ್ದು ಮಾಡುತ್ತಿತ್ತು. ನಮ್ಮತ್ತ ತಿರುಗಲಿಲ್ಲ, ನಮಸ್ಕಾರವೂ ಇಲ್ಲ. ವಾರಜೆಯಲ್ಲಿ ನಲವತ್ತರ ಒಬ್ಬ ಹೆಂಗಸು ಹತ್ತಿ ಹುಡುಗಿಯ ಪಕ್ಕ ಕೂತರು. ಹತ್ತುವ ಮುಂಚೆ ಕಾರಿನ ಹಿಂದೆ ಹೋಗಿ ನಂಬರ್ ಪ್ಲೇಟಿನ ಫೋಟೊ ತೆಗೆದರು. ನಾನದನ್ನು ಮಾಡಿರಲಿಲ್ಲ.

ಕಾತ್ರಜ್ ಸುರಂಗ ದಾಟಿ ಖೇಡ್ ಶಿವಾಪುರದ ಟೋಲ್ ಬರುವ ಹೊತ್ತಿಗೆ ಹುಡುಗಿ ಪಿಸುಗುಟ್ಟತೊಡಗಿದಳು. ಆಕೆಯ ಬ್ಯಾಗಿನಲ್ಲಿ ಹಾಲಿ ಜಾಕ್ಸನ್ ಎಂಬ ಬ್ರಿಟಿಷ್ ಲೇಖಕಿಯ ‘ಫೈವ್ ಸರ್ವೈವ್’ ಕಾದಂಬರಿ ಇತ್ತು. 2022ರಲ್ಲಿ ಬಂದ, ಹದಿಹರೆಯದವರು ನಿದ್ದೆಗೆಟ್ಟು ಓದುವ ಥ್ರಿಲ್ಲರ್. ಅಮೆರಿಕದಲ್ಲಿ ಆರು ಮಂದಿ ಯುವಕ ಯುವತಿಯರು ರಜೆಗೆಂದು ಮನೆಯಂಥ ದೊಡ್ಡ ವ್ಯಾನಿನಲ್ಲಿ ಹೊರಡುತ್ತಾರೆ. ದಾರಿ ತಪ್ಪಿ, ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ ನಿಂತಾಗ ಕತ್ತಲಿನಿಂದ ಯಾರೋ ಟೈರುಗಳಿಗೆ ಗುಂಡು ಹೊಡೆಯುತ್ತಾರೆ. ಹೊರಗೆ ಬಂದೂಕಿನವನಿದ್ದಾನೆ, ಒಳಗಿರುವ ಆರರಲ್ಲಿ ಒಬ್ಬರು ಯಾವುದೋ ಗುಟ್ಟು ಮುಚ್ಚಿಟ್ಟಿದ್ದಾರೆ. ಮುಂದಿನದನ್ನು ಹೇಳಿದರೆ ಓದುವ ಮಕ್ಕಳು ನನ್ನನ್ನು ಬಿಡುವುದಿಲ್ಲ.

ಇಂಥ ಕಥೆಗಳು ಹೊಸವಲ್ಲ. 1953ರಲ್ಲೇ ಐಡಾ ಲುಪಿನೊ ಎಂಬಾಕೆ ‘ದಿ ಹಿಚ್-ಹೈಕರ್’ ಎಂಬ ಸಿನಿಮಾ ತೆಗೆದಿದ್ದಳು. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ದಾರಿಯಲ್ಲಿ ಒಬ್ಬನಿಗೆ ಲಿಫ್ಟ್ ಕೊಡುತ್ತಾರೆ, ಅವನು ಕೊಲೆಗಾರ. ನಮ್ಮಲ್ಲಿ 2002ರ ಹಿಂದಿ ಸಿನಿಮಾ ‘ರೋಡ್’ನಲ್ಲಿ ಮನೋಜ್ ಬಾಜಪೇಯಿ ಹತ್ತಿದ್ದೂ ಅಂಥದ್ದೇ ಲಿಫ್ಟು. ಕಾರು ಎಂದರೆ ಓಡುವ ಕೋಣೆ. ಬಾಗಿಲಿದ್ದರೂ ಇಳಿಯುವಂತಿಲ್ಲ, ಪಕ್ಕದವರ ಉಸಿರು ಕೇಳಿಸುತ್ತದೆ, ಮನಸ್ಸು ಕಾಣುವುದಿಲ್ಲ.

ನಮಗಂತೂ ಮುಂದಿನ ಸೀಟಿನವರೇ ಖಳನಾಯಕ. ಹೊರನಾಡಿನಲ್ಲಿರುವ ನಮಗೆಲ್ಲ ಒಂದು ಸೌಲಭ್ಯವಿದೆಯಲ್ಲ, ಲಿಫ್ಟಿನಲ್ಲಿ, ಹೋಟೆಲಿನಲ್ಲಿ, ಅಂಗಡಿಯವನ ಎದುರಿಗೇ ಕನ್ನಡದಲ್ಲಿ ಅವನ ವಿಚಾರ ಮಾತಾಡಿಕೊಳ್ಳುವುದು, ಅದನ್ನು ನಾವು ಧಾರಾಳವಾಗಿ ಬಳಸಿದೆವು.

‘ಮಾಮಾ, ಆ ಚೀಲದಾಗ ಏನಿರಬಹುದು?’

‘ಕಬ್ಬಣದ್ದು ಏನೋ ಐತಿ. ನೀ ಆ ಕಡೆ ನೋಡಬ್ಯಾಡ.’

‘ಆ ಮನಷ್ಯಾ ಡ್ರೈವರ್ನ ಮಾರಿನ ನೋಡಾಕತ್ತಾನ. ಇಬ್ರೂ ಒಂದ ಅದಾರ.’

‘ನಿದ್ದಿ ಮಾಡಬ್ಯಾಡ. ಫೋನ್ ಕೈಯಾಗ ಹಿಡ್ಕೊ.’

ಅವಳು ಹೇಳಿದ್ದು ನಿಜವಿತ್ತು. ಖಂಬಾಟ್ಕಿ ಘಾಟಿನಿಂದಲೂ ಆ ವ್ಯಕ್ತಿ ರಸ್ತೆಯನ್ನು ನೋಡುತ್ತಿರಲಿಲ್ಲ. ಕತ್ತು ಅರ್ಧ ತಿರುಗಿಸಿ ಚಾಲಕನ ಮುಖವನ್ನೇ ದಿಟ್ಟಿಸುತ್ತಿದ್ದರು. ಸಾತಾರಾ ಹತ್ತಿರ ಚಾಲಕನಿಗೆ ಫೋನ್ ಬಂತು. ‘ಮಾಲ್ ಮಾಗೆ ಆಹೆ, ಸಕಾಳಿ ಪೋಚ್‌ತೋ’ ಎಂದ. ಮಾಲು ಹಿಂದೆ ಇದೆ, ಬೆಳಿಗ್ಗೆ ತಲುಪುತ್ತೇನೆ. ಹಿಂದೆ ಕೂತವರು ನಾವು. ಹುಡುಗಿ ನನ್ನ ಕೈ ಹಿಡಿದುಕೊಂಡಳು. ನಾನು ಮೊಬೈಲಿನಲ್ಲಿ 112 ಒತ್ತಿಟ್ಟು, ಹಸಿರು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತೆ.

ಕರಾಡ ದಾಟಿದ ಮೇಲೆ ಕಾರು ಹೆದ್ದಾರಿ ಬಿಟ್ಟು ಎಡಕ್ಕೆ ಇಳಿಯಿತು. ದೀಪವಿಲ್ಲದ, ಧೂಳಿನ ದಾರಿ. ನನ್ನ ಎದೆಬಡಿತ ನನಗೇ ಕೇಳಿಸಿತು. ಎರಡು ನಿಮಿಷದಲ್ಲಿ ಮತ್ತೆ ಹೆದ್ದಾರಿಗೇ ಬಂದೆವು. ಆರು ಪಥದ ಕಾಮಗಾರಿಗಾಗಿ ಮಾಡಿದ್ದ ಬದಲಿ ಮಾರ್ಗ ಅದು. ನಾನು ಉಸಿರು ಬಿಟ್ಟೆ, ಬೆರಳನ್ನೂ ತೆಗೆದೆ. ಆ ರಾತ್ರಿಯ ನಿಜವಾದ ಅಪಾಯ ಬಂದದ್ದು ಇದಾದ ಹತ್ತು ನಿಮಿಷಕ್ಕೆ.

ಮೂರೂಕಾಲು ಗಂಟೆಯ ಸಮಯ. ಎಡಪಥದಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್. ಹಿಂಬದಿಗೆ ದೀಪವಿಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ನಮ್ಮ ಕಾರಿನ ಬೆಳಕು ಅದರ ಮೇಲೆ ಬಿದ್ದಾಗಲೂ ವೇಗ ಇಳಿಯಲಿಲ್ಲ. ‘ಅರೇ!’ ಎಂದು ಮುಂದಿನವರು ಕೂಗಿದ್ದು, ಅಡ್ಡ ಕೈಹಾಕಿ ಸ್ಟೀರಿಂಗ್ ಬಲಕ್ಕೆ ಎಳೆದದ್ದು, ಬ್ರೇಕಿನ ಕಿರುಚಾಟ, ಎಲ್ಲ ಒಟ್ಟಿಗೇ ಆದವು. ಕಬ್ಬಿನ ಗರಿಗಳು ನನ್ನ ಕಡೆಯ ಗಾಜನ್ನು ಸವರಿಕೊಂಡು ಹೋದವು. ಕಾರು ಮುಂದೆ ಹೋಗಿ ರಸ್ತೆ ಬದಿಗೆ ನಿಂತಿತು. ಆ ವ್ಯಕ್ತಿ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು.

ಚಾಲಕ ನಿದ್ದೆ ಹೋಗಿದ್ದ.

ಆಮೇಲೆ ಅವರು ಹಿಂದೆ ತಿರುಗಿ, ಆ ರಾತ್ರಿ ಮೊದಲ ಬಾರಿ ನಮ್ಮೊಡನೆ ಮಾತಾಡಿದರು. ‘ಅಂಜಬ್ಯಾಡವಾ ತಂಗಿ. ಆತು, ಏನೂ ಆಗಿಲ್ಲ. ಸಾಹೇಬ್ರ, ನಾ ಕಳ್ಳ ಅಲ್ರಿ. ಚೀಲದಾಗ ಇರೂದು ನಮ್ಮ ಹೊಲದ ಮೋಟರ್ ಬಿಚ್ಚೂ ಪಾನಾ.’

ನಿಪ್ಪಾಣಿ ಕಡೆಯವರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮೂರು ತಾಸು ನಾವು ಆಡಿದ್ದ ಒಂದೊಂದು ಮಾತೂ ಅವರಿಗೆ ಅರ್ಥವಾಗಿತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುವ ಮುಖ ನನಗಿರಲಿಲ್ಲ. ಅವರೇ ಹೇಳಿದರು: ಹುಡುಗನ ಕಣ್ಣು ಸಾತಾರಾಕ್ಕಿಂತ ಮುಂಚಿನಿಂದಲೂ ಎಳೆಯುತ್ತಿದ್ದವು, ಮಾತಿಗೆ ತಿರುಗಿದರೆ ಗಮನ ತಪ್ಪೀತೆಂದು ಅವನ ಮುಖವನ್ನೇ ನೋಡುತ್ತ ಕೂತಿದ್ದೆ ಎಂದು.

ಪೇಠ್ ನಾಕಾದ ಧಾಬಾದವರೆಗೆ ಕಾರನ್ನು ನಿಧಾನವಾಗಿ ನಾನೇ ಓಡಿಸಿದೆ. ಚಹಾ ಕುಡಿಯುವಾಗ ಚಾಲಕ ಬಾಯಿಬಿಟ್ಟ. ಬೆಳಿಗ್ಗೆ ಐದಕ್ಕೆ ಎದ್ದು ಕೊಲ್ಹಾಪುರದಿಂದ ಪುಣೆಗೆ ಒಂದು ಟ್ರಿಪ್ ತಂದಿದ್ದ, ಹಗಲಿಡೀ ನಗರದಲ್ಲಿ ಓಡಿಸಿದ್ದ, ರಾತ್ರಿ ಮತ್ತೆ ನಮ್ಮನ್ನು ಹತ್ತಿಸಿಕೊಂಡಿದ್ದ. ಕಾರಿನ ಕಂತು ಎರಡು ತಿಂಗಳು ಬಾಕಿ. ಡಿಕ್ಕಿಯಲ್ಲಿದ್ದ ‘ಮಾಲು’ ಕೊಲ್ಹಾಪುರದ ಅಂಗಡಿಗೆ ಒಯ್ಯುತ್ತಿದ್ದ ದೀಪಾವಳಿ ಫರಾಳದ ಡಬ್ಬಗಳು. ರಾತ್ರಿ ಹೊತ್ತು ಗುರುತಿಲ್ಲದವರು ಬೆನ್ನ ಹಿಂದೆ ಕೂತರೆ ತನಗೂ ಹೆದರಿಕೆಯೇ ಎಂದ.

ಇಪ್ಪತ್ತೆರಡು ಗಂಟೆ ನಿದ್ದೆಯಿಲ್ಲದ ಚಾಲಕ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮ ದೇಶದಲ್ಲಿ ಕಾನೂನಿನ ಮಿತಿ ಶೇ 0.03. ಕುಡಿದವನ ಗಾಡಿ ಹತ್ತಬಾರದೆಂದು ನಮಗೆ ಗೊತ್ತು, ನಿದ್ದೆಗೆಟ್ಟವನ ಗಾಡಿಯನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. 80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಸುಮಾರು 90 ಮೀಟರ್ ದೂರ ಆ ಗಾಡಿಯಲ್ಲಿ ಚಾಲಕನೇ ಇಲ್ಲದಂತೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕಾದಂಬರಿಯವರಿಗೆ ಈ ಕೊಲೆಗಾರ ಬೇಡ. ಅವನಿಗೆ ಮುಖವಿಲ್ಲ, ಗುಟ್ಟಿಲ್ಲ, ಸೇಡೂ ಇಲ್ಲ.

ಚಾಲಕನನ್ನು ಧಾಬಾದ ಮಂಚದ ಮೇಲೆ ಮಲಗಿಸಿದೆವು. ಅಷ್ಟರಲ್ಲಿ ನಮ್ಮೊಡನಿದ್ದ ಹೆಂಗಸು ಹುಡುಗಿಯನ್ನು ಕೈತೊಳೆಯುವ ನೆಪದಲ್ಲಿ ಆಚೆ ಕರೆದೊಯ್ದರು. ಸ್ವಲ್ಪ ಹೊತ್ತಿಗೆ ಇಬ್ಬರೂ ವಾಪಸ್ ಬಂದಾಗ ಹುಡುಗಿಯ ಮುಖದಲ್ಲಿ ನಗು ಉಕ್ಕುತ್ತಿತ್ತು.

‘ಮಾಮಾ, ಅವ್ರು ಏನ್ ಕೇಳಿದ್ರು ಗೊತ್ತೇನು? ನೀ ಖರೇನ ನನ್ನ ಮಾಮಾ ಹೌದಲ್ಲೋ ಅಂತ. ಅವ್ವನ ನಂಬರ್ ಹೇಳು, ಈಗ ಫೋನ್ ಹಚ್ಚತೀನಿ ಅಂದ್ರು.’

ಆಕೆ ಪುಣೆಯ ಆಸ್ಪತ್ರೆಯೊಂದರಲ್ಲಿ ನರ್ಸ್, ಕೊಲ್ಹಾಪುರಕ್ಕೆ ಹೊರಟಿದ್ದವರು. ಅವರ ಕಡೆಯಿಂದ ನೋಡಿದರೆ ಕಂಡದ್ದೇನು? ಗಡ್ಡ ಬಿಟ್ಟ, ಮೂವತ್ತೈದರ ಗಂಡಸು. ಪಕ್ಕದಲ್ಲಿ ಹೆದರಿದ ಮುಖದ ಹದಿನೇಳರ ಹುಡುಗಿ. ಅವನು ಅವಳಿಗೆ ನಿದ್ದೆ ಮಾಡಲು ಬಿಡುತ್ತಿಲ್ಲ, ತಿಳಿಯದ ಭಾಷೆಯಲ್ಲಿ ಗದರಿಸಿದಂತೆ ಪಿಸುಗುಡುತ್ತಾನೆ, ಅವಳ ಕೈ ಬಿಡುತ್ತಿಲ್ಲ. ಆಕೆ ನನ್ನ ಫೋಟೊವನ್ನೂ ತೆಗೆದು ಗಂಡನಿಗೆ ಕಳಿಸಿ, ಕರಾಡದಿಂದಲೂ ಅವರೊಡನೆ ಮೆಸೇಜಿನಲ್ಲಿ ಇದ್ದರಂತೆ.

ಮೊದಲ ಕ್ಷಣ ನನಗೆ ಸಿಟ್ಟು ಬಂತು. ನಾನು? ಎರಡನೆಯ ಕ್ಷಣದಲ್ಲಿ ಮುಂದಿನ ಸೀಟಿನ ಹಿರಿಯರ ಮುಖ ನೋಡಿ ತಣ್ಣಗಾದೆ. ಅವರ ಬಗ್ಗೆ ನಾನು ಮಾಡಿದ್ದನ್ನೇ ಆಕೆ ನನ್ನ ಬಗ್ಗೆ ಮಾಡಿದ್ದರು. ಒಂದೇ ವ್ಯತ್ಯಾಸ. ನಾನು ಹೆದರಿ ಸುಮ್ಮನೆ ಕೂತಿದ್ದೆ, ಆಕೆ ಎದ್ದು ಕೇಳಿದರು. ನಾನು ನಿಜವಾಗಿ ಕೆಟ್ಟವನಾಗಿದ್ದರೆ ಆ ಹುಡುಗಿಗೆ ಇಡೀ ರಾತ್ರಿಯಲ್ಲಿ ಸಿಗುತ್ತಿದ್ದ ಏಕೈಕ ಸಹಾಯ ಅದು. ಆಕೆಯ ಕೈಯಿಂದಲೇ ಅಕ್ಕನಿಗೆ ಫೋನ್ ಮಾಡಿಸೋಣವೆಂದೆ. ನಾಲ್ಕು ಗಂಟೆಗೆ ಫೋನ್ ಹೋದರೆ ಅಕ್ಕನ ಗತಿ ಏನು ಎಂದು ಹುಡುಗಿ ತಡೆದಳು. ಮೊಬೈಲಿನಲ್ಲಿದ್ದ ಮನೆಯ ಮದುವೆಯ ಫೋಟೊ ತೋರಿಸಿ ಸಮಾಧಾನಪಡಿಸಿದಳು.

ಐದೂಕಾಲಕ್ಕೆ ಮತ್ತೆ ಹೊರಟೆವು. ಕೊಲ್ಹಾಪುರದಲ್ಲಿ ಆಕೆ ಮತ್ತು ಡಬ್ಬಗಳು ಇಳಿದವು. ನಿಪ್ಪಾಣಿಯಲ್ಲಿ ಪಾನಾ ಹೆಗಲಿಗೇರಿಸಿಕೊಂಡ ಹಿರಿಯರು, ‘ತಂಗಿ, ಪುಸ್ತಕ ಓದು, ಬಿಡಬ್ಯಾಡ’ ಎಂದು ಹೇಳಿ ಹೋದರು. ನಾನು ಕ್ಷಮೆ ಕೇಳಿದೆ. ‘ಇರ್ಲಿ ಬಿಡ್ರಿ, ಹುಡುಗಿ ಜೋಡಿ ಇದ್ದಾಗ ಹಂಗ ಇರಬೇಕು’ ಎಂದರು. ಅವರು ಹಾಗೆ ಹೇಳಿದ್ದರಿಂದ ನನ್ನ ನಾಚಿಕೆ ಕಡಿಮೆಯಾಗಲಿಲ್ಲ.

ಇದನ್ನು ಓದಿ ಅಪರಿಚಿತರೆಲ್ಲ ಒಳ್ಳೆಯವರು ಎಂದು ಯಾರೂ ತಿಳಿಯಬಾರದು. ವಾಕಡ್‌ನಲ್ಲಿ ಹುಡುಗಿ ಹೇಳಿದ ಮೊದಲ ಮಾತೇ ಸರಿಯಿತ್ತು. ನಂಬರ್ ಬೇರೆಯಿದ್ದ ಗಾಡಿಯನ್ನು ನಾನು ಹತ್ತಬಾರದಿತ್ತು. ಆಮೇಲೆ ನಾನು ಹುಡುಕಿದ್ದೆಲ್ಲ ಮುಖಗಳಲ್ಲಿ, ಟೋಪಿಯಲ್ಲಿ, ಗೋಣಿಚೀಲದಲ್ಲಿ. ಈಗ ನನ್ನ ನಿಯಮಗಳು ಸರಳ. ಆ್ಯಪ್ ತೋರಿಸಿದ ನಂಬರ್ ಅಲ್ಲದಿದ್ದರೆ ಹತ್ತುವುದಿಲ್ಲ, ಬುಕಿಂಗ್ ರದ್ದು ಮಾಡುವುದಿಲ್ಲ. ಪ್ಲೇಟಿನ ಫೋಟೊ ಮತ್ತು ಲೈವ್ ಲೊಕೇಶನ್ ಮನೆಗೆ ಹೋಗುತ್ತದೆ. ಚಾಲಕ ಯಾವಾಗ ಮಲಗಿ ಎದ್ದ ಎಂದು ನೇರವಾಗಿ ಕೇಳುತ್ತೇನೆ. ತುರ್ತಿಗೆ 112 ಇರುವಂತೆ ಹೆದ್ದಾರಿಯ ಸಹಾಯಕ್ಕೆ 1033 ಕೂಡ ಫೋನಿನಲ್ಲಿದೆ. ಗಾಡಿಯಲ್ಲಿ ಯಾರ ಬಗ್ಗೆಯೂ ಕನ್ನಡದಲ್ಲಿ ಚಾಡಿ ಹೇಳುವುದಿಲ್ಲ.

ಒಂಬತ್ತೂಕಾಲಕ್ಕೆ ಧಾರವಾಡ ಮುಟ್ಟಿದೆವು. ಅಕ್ಕ ಬಾಗಿಲಲ್ಲೇ ನಿಂತಿದ್ದಳು. ‘ಹಾದ್ಯಾಗ ಏನೂ ತ್ರಾಸ ಆಗಲಿಲ್ಲಲ್ಲ?’ ಎಂದಳು.

‘ಇಲ್ಲ’ ಎಂದೆ. ಹುಡುಗಿ ನನ್ನನ್ನೊಮ್ಮೆ ನೋಡಿ, ಶೂ ಬಿಚ್ಚುತ್ತ ಸುಮ್ಮನಾದಳು.

ಅಕ್ಕ ಈ ಅಂಕಣವನ್ನು ತಪ್ಪದೆ ಓದುತ್ತಾಳೆ. ಇವತ್ತು ಸಂಜೆ ಫೋನ್ ಬರುತ್ತದೆ, ಎತ್ತುತ್ತೇನೆ.