ಟೈಮಿಂಗ್ ಚೈನ್ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್‌ನಿಂದ ಕಟಕಟ ಸದ್ದು ಬರುತ್ತದೆ. ಟೈಮಿಂಗ್ ಚೈನನ್ನು ನಾನೇ ಬದಲಿಸಬಹುದೇ?
– ಓದುಗರು, ಹತ್ತಿಮತ್ತೂರು, ಸವಣೂರು ತಾಲ್ಲೂಕು

ಉತ್ತರ: ಮೊದಲು ಆಯಿಲ್ ಮಟ್ಟ ನೋಡಿ. ಅನೇಕ ಎಂಜಿನ್‌ಗಳಲ್ಲಿ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಆಯಿಲ್ ಕಡಿಮೆಯಾದರೂ ಇದೇ ಸದ್ದು ಬರುತ್ತದೆ. ನಿಮ್ಮದು ಚೈನೋ ಬೆಲ್ಟೋ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಹಳೆಯ ಮಾರುತಿ 800ರಲ್ಲಿ ರಬ್ಬರ್ ಬೆಲ್ಟ್ ಇದ್ದರೆ, ಆಲ್ಟೊ ಕೆ10ರಲ್ಲಿ ಉಕ್ಕಿನ ಚೈನ್ ಇದೆ.

ಕ್ರ್ಯಾಂಕ್‌ಶಾಫ್ಟ್ 2 ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಸರಿಯಾಗಿ 1 ಸುತ್ತು ತಿರುಗಬೇಕು. ಈ ಲೆಕ್ಕ ಕಾಯುವುದೇ ಚೈನ್. ಜೋಡಿಸುವಾಗ ಕೆಲವು ಹಲ್ಲು ತಪ್ಪಿದರೆ ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗಬಹುದು.

ಮಾಡಲೇಬೇಕೆಂದರೆ ನಿಮ್ಮ ಎಂಜಿನ್ನಿನದೇ ಸರ್ವಿಸ್ ಮ್ಯಾನ್ಯುಯಲ್, ಟಾರ್ಕ್ ರೆಂಚ್ ಬೇಕು. ಬ್ಯಾಟರಿ ಕಳಚಿ, ಸ್ಪ್ರಾಕೆಟ್ ಗುರುತುಗಳನ್ನು ಚೈನಿನ ಬಣ್ಣದ ಕೊಂಡಿಗಳಿಗೆ ಹೊಂದಿಸಿ. ಟೆನ್ಷನರ್, ಗೈಡ್‌ಗಳನ್ನೂ ಹೊಸದಾಗಿ ಹಾಕಿ. ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು ರೆಂಚಿನಿಂದ ನಿಧಾನವಾಗಿ 2 ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ಬಿಚ್ಚಿ ಮತ್ತೆ ನೋಡಿ. ಎಂಜಿನ್ ಬಿಚ್ಚಿದ ಅನುಭವವಿಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದೆ, ನುರಿತ ಮೆಕ್ಯಾನಿಕ್ ಜೊತೆ ನಿಂತು ಕಲಿಯಿರಿ.